ಮೊದಲ ವರ್ಷದಲ್ಲೇ ಗಣಿತದ ಸಾಫ್ಟ್‌ವೇರ್ ಕೋರ್ಸ್ ಬೇಕಾ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನಮ್ಮ ಕಾಲೇಜಿನಲ್ಲಿ ಮ್ಯಾಟ್‌ಲ್ಯಾಬ್ ಮತ್ತು ಸೈಲ್ಯಾಬ್ ಎಂಬ ಗಣಿತದ ಸಾಫ್ಟ್‌ವೇರ್‌ಗಳನ್ನು ಪರಿಚಯಿಸುವ ಒಂದು ಕೋರ್ಸ್ ಇದೆ. ಶನಿವಾರ ಮಧ್ಯಾಹ್ನ ಎರಡು ಗಂಟೆ, ಹನ್ನೆರಡು ವಾರ. ಕಡ್ಡಾಯವಲ್ಲ. "ಗಣಿತದ ಪೇಪರ್‌ನಲ್ಲೇ ಲ್ಯಾಬ್ ಇದೆ, ಇದು ದಂಡ" ಎನ್ನುತ್ತಾರೆ ಸೀನಿಯರ್‌ಗಳು. "ಮೊದಲು ಗಣಿತ ಪಾಸ್ ಮಾಡ್ಕೋ" ಎನ್ನುತ್ತಾರೆ ಅಪ್ಪ. ಪ್ರೋಗ್ರಾಮಿಂಗ್ ಗೊತ್ತಿಲ್ಲ. ಲ್ಯಾಪ್‌ಟಾಪ್ ಕೂಡ ಇಲ್ಲ. ಸೇರಲಾ, ಬೇಡವಾ?

ಉತ್ತರ: ಸೇರಿ. ಆದರೆ ಸೇರುವ ಮೊದಲು ಪಾಠ ಮಾಡುವವರ ಹತ್ತಿರ ಹೋಗಿ ಒಂದು ಮಾತು ಕೇಳಿ: "ಸರ್, ತರಗತಿಯಲ್ಲಿ ನಾವೇ ಲೆಕ್ಕ ಹಾಕಿ ನೋಡುತ್ತೇವಾ, ಅಥವಾ ಕೊಟ್ಟ ಪ್ರೋಗ್ರಾಂ ಟೈಪ್ ಮಾಡಿ ರೆಕಾರ್ಡ್ ಬರೆಯುತ್ತೇವಾ?" ಎರಡನೆಯದೇ ಆದರೆ ನಿಮ್ಮ ಸೀನಿಯರ್‌ಗಳ ಮಾತು ನಿಜ. ಆ ಶನಿವಾರಗಳನ್ನು ಸುಮ್ನೆ ಗಣಿತ ಬಿಡಿಸುತ್ತಾ ಕಳೆಯಿರಿ. ಮೊದಲನೆಯದಾದರೆ ಬಿಡಬೇಡಿ.

ಹೀಗೆ ಹೇಳಲು ಕಾರಣವಿದೆ. ಹಿಂದೆ ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಇಂಥದ್ದೇ ಲ್ಯಾಬ್ ಇತ್ತು. ಹತ್ತು ಪ್ರೋಗ್ರಾಂಗಳ ಪಟ್ಟಿ ಇತ್ತು. ಮಕ್ಕಳು ಅವನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿ ಬರುತ್ತಿದ್ದರು. ಪರೀಕ್ಷೆಯಲ್ಲಿ ಟೈಪ್ ಮಾಡಿದರೆ ಉತ್ತರ ಬರುತ್ತಿತ್ತು, ಅಂಕವೂ ಬರುತ್ತಿತ್ತು. ಒಂದು ಸಲ ನಾನು ಪ್ರಶ್ನೆಯಲ್ಲಿ ಒಂದೇ ಒಂದು ಸಂಖ್ಯೆ ಬದಲಿಸಿ, "ಈಗ ಉತ್ತರ ಜಾಸ್ತಿ ಆಗುತ್ತದಾ, ಕಮ್ಮಿ ಆಗುತ್ತದಾ?" ಎಂದು ಕೇಳಿದೆ. ಇಡೀ ಬ್ಯಾಚ್ ಸುಮ್ಮನಾಯಿತು. ಆ ಮೌನ ನನಗೆ ಇವತ್ತೂ ನೋವು ಕೊಡುತ್ತದೆ. ಮಕ್ಕಳ ತಪ್ಪೇನೂ ಇರಲಿಲ್ಲ. ನಾವು ಅವರಿಗೆ ಕಲಿಸಿದ್ದೇ ಅಷ್ಟು.

ಸೀನಿಯರ್‌ಗಳು ಹೇಳಿದ ಲ್ಯಾಬ್ ವಿಷಯಕ್ಕೆ ಬರುತ್ತೇನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಮೊದಲ ವರ್ಷದ ಗಣಿತದ ಜೊತೆಗೇ ಲ್ಯಾಬ್ ಸೇರಿಸಿತು. ವಕ್ರರೇಖೆ ಬಿಡಿಸುವುದು, ಡಿಫರೆನ್ಷಿಯಲ್ ಸಮೀಕರಣ ಬಿಡಿಸುವುದು, ಗಾಸ್-ಸೈಡೆಲ್ ವಿಧಾನ, ಐಗನ್ ಮೌಲ್ಯ ಹುಡುಕುವ ಪವರ್ ವಿಧಾನ, ಎಲ್ಲ ಅಲ್ಲಿವೆ. ಒಳ್ಳೆಯ ಹೆಜ್ಜೆ ಅದು. ತೊಂದರೆ ಒಂದೇ, ಅಲ್ಲಿ ಸಮಯ ಸಾಲುವುದಿಲ್ಲ. ಸಾಫ್ಟ್‌ವೇರ್ ಹೊಸದು, ಗಣಿತವೂ ಹೊಸದು. ಎರಡನ್ನೂ ಒಂದೇ ಗಂಟೆಯಲ್ಲಿ ಹಿಡಿಯಲು ಹೋದರೆ ಕೈಗೆ ಬರುವುದು ಟೈಪಿಂಗ್ ಮಾತ್ರ. ಶನಿವಾರದ ಕೋರ್ಸ್ ನಿಮಗೆ ಕೊಡುವುದು ಆ ಸಮಯವನ್ನು. ಕಮಾಂಡ್ ತಪ್ಪಾದರೆ ಯಾರೂ ಅಂಕ ಕಳೆಯದ, ತಪ್ಪು ಮಾಡಿ ಮಾಡಿ ನೋಡಬಹುದಾದ ಎರಡು ಗಂಟೆ.

ಈ ಸಾಫ್ಟ್‌ವೇರ್‌ಗಳು ಯಾಕೆ ಹುಟ್ಟಿದವು ಎಂದು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಕ್ಲೀವ್ ಮೋಲರ್ ಎಂಬ ಗಣಿತದ ಮೇಷ್ಟ್ರು ಇದ್ದರು. ಮ್ಯಾಟ್ರಿಕ್ಸ್ (ಅಡ್ಡ ಸಾಲು, ಉದ್ದ ಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳು) ಲೆಕ್ಕಕ್ಕೆ ಲಿನ್‌ಪ್ಯಾಕ್, ಐಸ್‌ಪ್ಯಾಕ್ ಎಂಬ ಒಳ್ಳೆಯ ಪ್ರೋಗ್ರಾಂ ಸಂಗ್ರಹಗಳು ಆಗಲೇ ಇದ್ದವು. ಆದರೆ ಅವನ್ನು ಬಳಸಲು ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬೇಕಿತ್ತು. ತಮ್ಮ ವಿದ್ಯಾರ್ಥಿಗಳಿಗೆ ಆ ಕಷ್ಟ ತಪ್ಪಲಿ, ಮ್ಯಾಟ್ರಿಕ್ಸ್ ಜೊತೆ ನೇರವಾಗಿ ಆಟ ಆಡಲಿ ಎಂದು ಅವರು ಬರೆದದ್ದೇ ಮ್ಯಾಟ್‌ಲ್ಯಾಬ್. ಮ್ಯಾಟ್ರಿಕ್ಸ್ ಲ್ಯಾಬೊರೇಟರಿ ಎಂಬುದರ ಮೊಟಕು ಹೆಸರು ಅದು. ಅದನ್ನು ಮಾರುವ ಕಂಪನಿ ಬಂದದ್ದು ಆಮೇಲೆ, 1984ರಲ್ಲಿ. ಅಂದರೆ ಮ್ಯಾಟ್‌ಲ್ಯಾಬ್ ಮೊದಲು ಬಂದದ್ದು ನಿಮ್ಮಂಥವರಿಗಾಗಿ, ತರಗತಿಯೊಳಗೆ.

ಆಕ್ಟೇವ್ ಕಥೆ ನನಗೆ ಇನ್ನೂ ಇಷ್ಟ. ಮ್ಯಾಟ್‌ಲ್ಯಾಬ್‌ನ ಹೆಚ್ಚಿನ ಕಮಾಂಡ್‌ಗಳು ಇದರಲ್ಲೂ ನಡೆಯುತ್ತವೆ, ದುಡ್ಡು ಕೊಡಬೇಕಾಗಿಲ್ಲ. ಕೆಮಿಕಲ್ ಎಂಜಿನಿಯರಿಂಗ್ ಪಾಠಕ್ಕೆ ಜೊತೆಯಾಗಲಿ ಎಂದು ಹೊರಟ ಈ ಕೆಲಸವನ್ನು ಜಾನ್ ಈಟನ್ 1992ರಲ್ಲಿ ಪೂರ್ಣಾವಧಿಯಾಗಿ ಕೈಗೆತ್ತಿಕೊಂಡರು. ವಿದ್ಯಾರ್ಥಿಗಳ ಸಮಯವೆಲ್ಲ ಫೋರ್ಟ್ರಾನ್ ತಪ್ಪು ಹುಡುಕುವುದರಲ್ಲೇ ಹೋಗುತ್ತಿತ್ತು, ವಿಷಯ ಕಲಿಯಲು ಉಳಿಯುತ್ತಿರಲಿಲ್ಲ. ಅದಕ್ಕೆ ಇಟ್ಟ ಹೆಸರು ಈಟನ್ ಅವರ ಗುರು ಆಕ್ಟೇವ್ ಲೆವೆನ್‌ಸ್ಪೀಲ್ ಅವರದು. ಆ ಗುರುಗಳು ಯಾವುದಕ್ಕೆ ಹೆಸರಾಗಿದ್ದರು ಗೊತ್ತಾ? ಕೈಗೆ ಸಿಕ್ಕ ಲಕೋಟೆಯ ಹಿಂದೆ ಚಕಚಕನೆ ಅಂದಾಜು ಲೆಕ್ಕ ಹಾಕುವುದಕ್ಕೆ. ಕಂಪ್ಯೂಟರ್ ಲೆಕ್ಕದ ಸಾಫ್ಟ್‌ವೇರ್‌ಗೆ ಕಾಗದದ ಮೇಲೆ ಲೆಕ್ಕ ಹಾಕುವವರ ಹೆಸರು. ಕಂಪ್ಯೂಟರ್ ಮುಂದೆ ಕೂತಾಗಲೆಲ್ಲ ನಾನು ಇದನ್ನು ನೆನಪು ಮಾಡಿಕೊಳ್ಳುತ್ತೇನೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇರಬೇಕು. ಮೊದಲು ಅಂದಾಜು, ಆಮೇಲೆ ಎಂಟರ್.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ನಿಮ್ಮ ಮೊದಲ ವರ್ಷದ ಪಠ್ಯದಲ್ಲಿ ನ್ಯೂಟನ್ನನ ತಣಿಯುವಿಕೆಯ ನಿಯಮ ಬರುತ್ತದೆ. ವಸ್ತು ಎಷ್ಟು ಬೇಗ ತಣಿಯುತ್ತದೆ ಎಂಬುದು ಅದಕ್ಕೂ ಕೋಣೆಗೂ ಇರುವ ಬಿಸಿಯ ವ್ಯತ್ಯಾಸವನ್ನು ಅವಲಂಬಿಸಿರುತ್ತದೆ ಎನ್ನುವ ನಿಯಮ. ಲೋಟದಲ್ಲಿ 80 ಡಿಗ್ರಿ ಫಿಲ್ಟರ್ ಕಾಫಿ ಇದೆ ಎಂದುಕೊಳ್ಳಿ. ಕೋಣೆ 25 ಡಿಗ್ರಿ. ಐದು ನಿಮಿಷಕ್ಕೆ ಕಾಫಿ 60ಕ್ಕೆ ಇಳಿಯಿತು. 40 ಡಿಗ್ರಿಗೆ ಇಳಿಯಲು ಒಟ್ಟು ಎಷ್ಟು ಹೊತ್ತು ಬೇಕು?

ಲಾಗ್ ಬೇಡ, ಕ್ಯಾಲ್ಕುಲೇಟರ್ ಬೇಡ. ಮೊದಲು ವ್ಯತ್ಯಾಸ 55 ಇತ್ತು, ಐದು ನಿಮಿಷಕ್ಕೆ 35 ಆಯಿತು. ಅಂದರೆ ಪ್ರತಿ ಐದು ನಿಮಿಷಕ್ಕೆ ವ್ಯತ್ಯಾಸ ಮೂರನೇ ಎರಡು ಪಾಲಿಗಿಂತ ಸ್ವಲ್ಪ ಕಮ್ಮಿಗೆ ಇಳಿಯುತ್ತದೆ. 55, 35, 22, 14. ನಮಗೆ ಬೇಕಾದ 40 ಡಿಗ್ರಿ ಎಂದರೆ 15ರ ವ್ಯತ್ಯಾಸ. ಹಾಗಾಗಿ ಉತ್ತರ ಹದಿನೈದು ನಿಮಿಷಕ್ಕೆ ಸ್ವಲ್ಪ ಮುಂಚೆ. ಪೂರ್ತಿ ಲೆಕ್ಕ ಹಾಕಿದರೆ 14.4 ನಿಮಿಷ ಬರುತ್ತದೆ. ಹಾಳೆಯ ಮೂಲೆಯಲ್ಲಿ ಬರೆದ ನಾಲ್ಕು ಸಂಖ್ಯೆ ನಮ್ಮನ್ನು ಎಷ್ಟು ಹತ್ತಿರ ತಂದವು ನೋಡಿ.

ಈಗ ಇದನ್ನೇ ಕಂಪ್ಯೂಟರ್‌ಗೆ ಕೊಡೋಣ. ಅತಿ ಸರಳವಾದ ಆಯ್ಲರ್ ವಿಧಾನದಲ್ಲಿ ಸಮಯವನ್ನು ಹೆಜ್ಜೆ ಹೆಜ್ಜೆಯಾಗಿ ಕತ್ತರಿಸುತ್ತೇವೆ. ಹೆಜ್ಜೆಯ ಶುರುವಿನಲ್ಲಿ ಎಷ್ಟು ವೇಗವಾಗಿ ತಣಿಯುತ್ತಿದೆಯೋ ಇಡೀ ಹೆಜ್ಜೆ ಅದೇ ವೇಗ ಎಂದುಕೊಳ್ಳುತ್ತೇವೆ. ಐದು ನಿಮಿಷದ ಒಂದೇ ಹೆಜ್ಜೆ ಇಟ್ಟರೆ ಐದನೇ ನಿಮಿಷಕ್ಕೆ ಕಾಫಿ 55.1 ಡಿಗ್ರಿ ಎನ್ನುತ್ತದೆ. ನಿಜವಾಗಿ 60 ಇರಬೇಕು, ಅಲ್ವಾ? ಒಂದೊಂದು ನಿಮಿಷದ ಹೆಜ್ಜೆ ಇಡಿ: 59.2. ನಿಮಿಷದ ಹತ್ತನೇ ಒಂದು ಪಾಲು: 59.9. ಹೆಜ್ಜೆ ಚಿಕ್ಕದಾದಷ್ಟೂ ನಿಜ ಹತ್ತಿರವಾಗುತ್ತದೆ. ಇದನ್ನು ಕೈಯಲ್ಲಿ ಮಾಡಲು ಹೋದರೆ ಕೊನೆಯದಕ್ಕೆ ಐವತ್ತು ಸಾಲು ಬರೆಯಬೇಕು. ಕಂಪ್ಯೂಟರ್‌ನಲ್ಲಿ ಒಂದು ಸಂಖ್ಯೆ ಬದಲಿಸಿದರೆ ಸಾಕು.

ಇನ್ನೊಂದು ಸಲ ಬದಲಿಸಿ. ಹೆಜ್ಜೆ 25 ನಿಮಿಷ ಎಂದು ಕೊಡಿ. ಕಾಫಿ ಎಷ್ಟು ಡಿಗ್ರಿ ಎಂದು ಹೇಳುತ್ತದೆ ಗೊತ್ತಾ? ಮೈನಸ್ 44.3. ಇಪ್ಪತ್ತೈದು ಡಿಗ್ರಿಯ ಕೋಣೆಯಲ್ಲಿ ಇಟ್ಟ ಕಾಫಿ ಹಿಮಗಡ್ಡೆಗಿಂತ ತಣ್ಣಗಾಯಿತು! ಎಲ್ಲೂ ಎರರ್ ಬರುವುದಿಲ್ಲ. ಕೆಂಪು ಅಕ್ಷರ ಕಾಣುವುದಿಲ್ಲ. ಕಂಪ್ಯೂಟರ್ ಹೇಳಿದ ಹಾಗೆ ಮಾಡಿದೆ. ಇದು ತಪ್ಪು ಎಂದು ಹೇಳಬಲ್ಲವರು ಕೋಣೆಯಲ್ಲಿ ಕಾಫಿ ತಣಿಯುವುದನ್ನು ಕಂಡಿರುವ ನೀವು ಮಾತ್ರ. ಡಿಫರೆನ್ಷಿಯಲ್ ಸಮೀಕರಣ ಎಂದರೇನು ಎಂದು ನಾನು ಕಪ್ಪು ಹಲಗೆಯ ಮೇಲೆ ವಾರಗಟ್ಟಲೆ ಹೇಳಿದ್ದೇನೆ. ಈ ಕಾಫಿ ಲೆಕ್ಕದಲ್ಲಿ ಹೆಜ್ಜೆ ಬದಲಿಸಿ ಬದಲಿಸಿ ನೋಡಿದ ಮಕ್ಕಳಿಗೆ ಅದು ಒಂದು ಮಧ್ಯಾಹ್ನದಲ್ಲಿ ಹೊಳೆದದ್ದನ್ನೂ ಕಂಡಿದ್ದೇನೆ. ಅದಕ್ಕೇ ಅಪ್ಪನ ಮಾತಿಗೂ ಈ ಕೋರ್ಸ್‌ಗೂ ಜಗಳವಿಲ್ಲ ಎನ್ನುವುದು. ಹೀಗೆ ಕಲಿತರೆ ಗಣಿತ ಪಾಸಾಗುವುದು ಇನ್ನೂ ಸುಲಭ.

ಚಿತ್ರ ಬಿಡಿಸುವುದರಲ್ಲೂ ಇದೇ ಸುಖ ಇದೆ. ಪೋಲಾರ್ ವಕ್ರರೇಖೆಗಳಲ್ಲಿ, ಅಂದರೆ ಯಾವ ಕೋನಕ್ಕೆ ಎಷ್ಟು ದೂರ ಎಂದು ಹೇಳಿ ಬಿಡಿಸುವ ರೇಖೆಗಳಲ್ಲಿ, ಕಾರ್ಡಿಯಾಯ್ಡ್ ಬರುತ್ತದೆ, ಹೃದಯದ ಆಕಾರದ್ದು. ಅದರ ಸೂತ್ರ ಒಂದು ಪ್ಲಸ್ ಕಾಸ್ ಥೀಟಾ. ಆ ಕಾಸ್‌ನ ಮುಂದೆ ಒಂದು ಸಂಖ್ಯೆ ಇಟ್ಟು ಬದಲಿಸುತ್ತಾ ಹೋಗಿ. ಸೊನ್ನೆ ಇಟ್ಟರೆ ವೃತ್ತ. 0.8 ಇಟ್ಟರೆ ಒಂದು ಪಕ್ಕ ಸ್ವಲ್ಪ ಒಳಗೆ ತಗ್ಗುತ್ತದೆ. ಸರಿಯಾಗಿ 1 ಇಟ್ಟಾಗ ಆ ತಗ್ಗು ಮೊನೆಯಾಗುತ್ತದೆ. 1.5 ಇಟ್ಟರೆ ಒಳಗೊಂದು ಪುಟ್ಟ ಕುಣಿಕೆ ಹುಟ್ಟುತ್ತದೆ. ಪುಸ್ತಕದಲ್ಲಿ ಬೇರೆ ಬೇರೆ ಪುಟದಲ್ಲಿ ಬೇರೆ ಬೇರೆ ಹೆಸರಿನಿಂದ ಕೂತಿದ್ದ ವಕ್ರರೇಖೆಗಳು ಒಂದೇ ಮನೆಯ ಮಕ್ಕಳು ಎಂದು ಆಗ ಕಾಣುತ್ತದೆ.

ಹೊಸಬರು ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಸೈನ್ 30 ಎಂದು ಕೊಟ್ಟರೆ ಈ ಸಾಫ್ಟ್‌ವೇರ್‌ಗಳು ಅರ್ಧ ಎನ್ನುವುದಿಲ್ಲ, ಮೈನಸ್ 0.988 ಎನ್ನುತ್ತವೆ. ಅವಕ್ಕೆ ಕೋನ ಬೇಕಾಗಿರುವುದು ಡಿಗ್ರಿಯಲ್ಲಲ್ಲ, ರೇಡಿಯನ್‌ನಲ್ಲಿ. ಮ್ಯಾಟ್‌ಲ್ಯಾಬ್‌ನಲ್ಲಿ ಎರಡು ಮ್ಯಾಟ್ರಿಕ್ಸ್ ನಡುವೆ ಬರೀ ನಕ್ಷತ್ರ ಹಾಕಿದರೆ ಒಂದು ಗುಣಾಕಾರ, ನಕ್ಷತ್ರದ ಮೊದಲು ಚುಕ್ಕಿ ಇಟ್ಟರೆ ಬೇರೆಯೇ ಗುಣಾಕಾರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಘಾತಕ್ಕೆ ಎರಡು ನಕ್ಷತ್ರ ಹಾಕಬೇಕು. ಮ್ಯಾಟ್‌ಲ್ಯಾಬ್‌ನ ಅಭ್ಯಾಸದಲ್ಲಿ ಟೋಪಿ ಗುರುತು (^) ಹಾಕಿ ಎರಡರ ಘಾತ ಮೂರು ಕೇಳಿದರೆ 8ರ ಬದಲು 1 ಬರುತ್ತದೆ. ಪೈಥಾನ್‌ಗೆ ಆ ಗುರುತಿನ ಅರ್ಥವೇ ಬೇರೆ. ಮೊದಲ ಎರಡು ವಾರ ಇವು ಕಾಡುತ್ತವೆ. ಎಲ್ಲರಿಗೂ ಕಾಡಿದ್ದೇ.

ಇವು ಸಣ್ಣ ತಪ್ಪುಗಳು. ದೊಡ್ಡದೊಂದನ್ನು ಹೇಳಬೇಕು, ಯಾಕೆಂದರೆ ನೀವು ಮೆಕ್ಯಾನಿಕಲ್ ಓದುತ್ತಿದ್ದೀರಿ. ನಾರ್ವೆಯ ಸ್ಲೈಪ್ನರ್ ಎ ಎಂಬ ಸಮುದ್ರದ ತೈಲ ವೇದಿಕೆಗಾಗಿ ಕಾಂಕ್ರೀಟಿನ ದೊಡ್ಡ ತಳಪಾಯ ಕಟ್ಟಿದ್ದರು. ಒಳಗೆ ಟೊಳ್ಳು ಕೋಣೆಗಳಿರುವ, ತೇಲುವ ರಚನೆ. 1991ರ ಆಗಸ್ಟ್ 23ರಂದು ಸ್ಟಾವಾಂಗರ್ ಊರಿನ ಹತ್ತಿರದ ಗಾಂಡ್ಸ್‌ಫ್ಯೋರ್ಡ್‌ನಲ್ಲಿ ಅದನ್ನು ಪರೀಕ್ಷೆಗಾಗಿ ನಿಧಾನವಾಗಿ ಮುಳುಗಿಸುತ್ತಿದ್ದರು. ಸುಮಾರು 65 ಮೀಟರ್ ಆಳದಲ್ಲಿ ಒಂದು ಗೋಡೆ ಒಡೆಯಿತು. ನೀರು ನುಗ್ಗಿತು. ಇಡೀ ರಚನೆ ತಳಕ್ಕೆ ಬಿದ್ದು ಪುಡಿಯಾಯಿತು. ಜನ ಉಳಿದರು. ನಷ್ಟ ಸುಮಾರು 70 ಕೋಟಿ ಡಾಲರ್.

ಕಾರಣ ಹುಡುಕಿದಾಗ ಸಿಕ್ಕಿದ್ದು ಕಂಪ್ಯೂಟರ್ ಲೆಕ್ಕ. ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ರಚನೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ ಒತ್ತಡ ಲೆಕ್ಕ ಹಾಕುತ್ತಾರೆ. ಕೋಣೆಗಳು ಸೇರುವ ಮೂಲೆಯಲ್ಲಿ ಆ ತುಂಡುಗಳು ಸಾಕಷ್ಟು ಒಳ್ಳೆಯದಾಗಿರಲಿಲ್ಲ. ಗೋಡೆಯನ್ನು ಕತ್ತರಿಸುವ ಹಾಗೆ ಬೀಳುವ ಒತ್ತಡ (ಶಿಯರ್) ಇರಬೇಕಾದ್ದಕ್ಕಿಂತ 47% ಕಮ್ಮಿ ಎಂದು ಉತ್ತರ ಬಂತು. ಅದನ್ನು ನಂಬಿ ಗೋಡೆ ಕಟ್ಟಿದರು. ಆಮೇಲೆ ಸರಿಯಾಗಿ ತುಂಡು ಮಾಡಿ ಮತ್ತೆ ಲೆಕ್ಕ ಹಾಕಿದಾಗ, ಗೋಡೆ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಎಂದು ಬಂತು. ಒಡೆದ ಆಳಕ್ಕೂ ಇದಕ್ಕೂ ಮೂರೇ ಮೀಟರ್ ವ್ಯತ್ಯಾಸ. ನಮ್ಮ ಕಾಫಿಯ ಹೆಜ್ಜೆ, ಅವರ ಕಾಂಕ್ರೀಟಿನ ತುಂಡು, ಎರಡೂ ಒಂದೇ ಮಾತು. ಎಷ್ಟು ಚಿಕ್ಕದಾಗಿ ಕತ್ತರಿಸಬೇಕು ಎಂಬ ನಿರ್ಧಾರ ಮನುಷ್ಯರದು. ನಾಲ್ಕು ವರ್ಷದ ನಂತರ ನೀವು ಇಂಥ ಸಾಫ್ಟ್‌ವೇರ್ ಮುಂದೆ ಕೂರುತ್ತೀರಿ. ಬಂದ ಉತ್ತರವನ್ನು ಅನುಮಾನಿಸುವ ಅಭ್ಯಾಸ ಆಗ ಕಲಿಯುತ್ತೇನೆ ಎಂದರೆ ತಡವಾಗುತ್ತದೆ.

ಹಾಗಾದರೆ ಯಾರು ಸೇರಬಾರದು? ಲಿಮಿಟ್, ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಪಿಯುಸಿ ಮಟ್ಟದಲ್ಲೇ ಕೈಗೆ ಹತ್ತಿಲ್ಲ ಎನ್ನುವವರು ಒಂದು ಸೆಮಿಸ್ಟರ್ ತಡೆಯಲಿ. ಅವರಿಗೆ ಸಾಫ್ಟ್‌ವೇರ್ ಊರುಗೋಲಾಗಿಬಿಡುತ್ತದೆ. ಒಂದು ಕಮಾಂಡ್‌ಗೆ ಇಂಟಿಗ್ರಲ್ ಬಿಡಿಸಿ ಕೊಡುವಾಗ ಕೈಯಲ್ಲಿ ಯಾಕೆ ಮಾಡಬೇಕು ಅನ್ನಿಸುತ್ತದೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಮುಂದಿರುವುದು ಪೆನ್ನು, ಬಿಳಿ ಹಾಳೆ. ನೀವೇ ಪರೀಕ್ಷಿಸಿಕೊಳ್ಳಿ. ನಿಮ್ಮ ಪಿಯುಸಿ ಪುಸ್ತಕದಿಂದ ಹತ್ತು ಇಂಟಿಗ್ರೇಷನ್ ಲೆಕ್ಕ ಆರಿಸಿ, ಪುಸ್ತಕ ಮುಚ್ಚಿ ಬಿಡಿಸಿ. ಆರೇಳು ಸರಿ ಬಂದರೆ ಕಣ್ಣು ಮುಚ್ಚಿ ಸೇರಿ. ಮೂರೋ ನಾಲ್ಕೋ ಬಂದರೆ ಎರಡನೇ ಸೆಮಿಸ್ಟರ್‌ನಲ್ಲಿ ಸೇರಿ, ಈ ಶನಿವಾರಗಳನ್ನು ಆ ಪುಸ್ತಕಕ್ಕೇ ಕೊಡಿ.

ಪ್ರೋಗ್ರಾಮಿಂಗ್ ಗೊತ್ತಿಲ್ಲ ಎಂದಿರಿ. ಅದು ಅಡ್ಡಿಯಲ್ಲ. ಈ ಸಾಫ್ಟ್‌ವೇರ್‌ಗಳು ಒಂದು ಸಾಲು ಬರೆದರೆ ಒಂದು ಉತ್ತರ ಕೊಡುವಂಥವು. ಸಿ ಭಾಷೆಗಿಂತ ಇಲ್ಲಿ ಕಲಿಕೆ ಶುರು ಮಾಡುವುದು ಹಿತ ಎಂದೇ ನನ್ನ ಅನುಭವ.

ಕನ್ನಡ ಮಾಧ್ಯಮದ ಬಗ್ಗೆ ನೀವು ಬಾಯಿ ಬಿಟ್ಟು ಕೇಳಿಲ್ಲ. ಆದರೆ ಬರೆದಿದ್ದೀರಿ, ಅಂದರೆ ಮನಸ್ಸಿನಲ್ಲಿದೆ. ಕಮಾಂಡ್‌ಗಳು ಇಂಗ್ಲಿಷಿನ ತುಂಡು ಪದಗಳು, ಒಂದು ಕೋರ್ಸ್‌ಗೆ ಮೂವತ್ತು ನಲವತ್ತು ಗೊತ್ತಿದ್ದರೆ ಸಾಕು. ಕಷ್ಟವಾಗುವುದು ಎರರ್ ಸಂದೇಶಗಳು. ಒಂದು ನೋಟ್‌ಬುಕ್ ಇಡಿ. ಬಂದ ಪ್ರತಿ ಎರರ್ ಬರೆದು, ಕೆಳಗೆ ಅದಕ್ಕೆ ಕಾರಣ ಏನಿತ್ತು ಎಂದು ಕನ್ನಡದಲ್ಲೇ ಬರೆಯಿರಿ. ಎರಡು ತಿಂಗಳಿಗೆ ಅವು ಮತ್ತೆ ಮತ್ತೆ ಅವೇ ಎಂದು ಗೊತ್ತಾಗುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಚಿಕ್ಕ ಚಿಕ್ಕ ವಿಡಿಯೋ ಪಾಠಗಳಿವೆ, ಕನ್ನಡ ದನಿಯಲ್ಲೂ ಹಲವು ಇವೆ. ದುಡ್ಡು ಕೊಡಬೇಕಾಗಿಲ್ಲ. ಅಲ್ಲಿಯೇ ಫಾಸ್ಸಿ ಎಂಬ ಇನ್ನೊಂದು ಯೋಜನೆ ಸೈಲ್ಯಾಬ್‌ನಂಥ ಮುಕ್ತ ಸಾಫ್ಟ್‌ವೇರ್‌ಗಳನ್ನು ಕಾಲೇಜುಗಳಿಗೆ ತಲುಪಿಸುತ್ತಿದೆ. ಎಂಜಿನಿಯರಿಂಗ್ ಪಠ್ಯಪುಸ್ತಕಗಳ ಉದಾಹರಣೆ ಲೆಕ್ಕಗಳನ್ನು ಸೈಲ್ಯಾಬ್‌ನಲ್ಲಿ ಬಿಡಿಸಿ ಇಟ್ಟಿದ್ದಾರೆ. ಮೊದಲು ನೀವು ಬಿಡಿಸಿ, ಆಮೇಲೆ ಅವರದನ್ನು ನೋಡಿ.

ಯಾವ ಸಾಫ್ಟ್‌ವೇರ್ ಎಂಬುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ವರ್ಷಕ್ಕೆ ಯಾವುದಾದರೂ ಆದೀತು, ಒಂದು ಕಲಿತರೆ ಇನ್ನೊಂದಕ್ಕೆ ಹೋಗಲು ಕೆಲವು ವಾರ ಸಾಕು. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಹಾಸ್ಟೆಲ್‌ನಲ್ಲಿ ಪೆನ್‌ಡ್ರೈವ್‌ನಲ್ಲಿ ಓಡಾಡುವ ಕದ್ದ ಮ್ಯಾಟ್‌ಲ್ಯಾಬ್ ಮುಟ್ಟಬೇಡಿ. ಅದು ತಪ್ಪು, ಜೊತೆಗೆ ವೈರಸ್ ಬರಬಹುದು. ಆಕ್ಟೇವ್, ಸೈಲ್ಯಾಬ್, ಪೈಥಾನ್ ಮೂರೂ ಉಚಿತವಾಗಿ ಸಿಗುವಾಗ ಅದರ ಅಗತ್ಯವೇ ಇಲ್ಲ.

ಈಗ ಚಾಟ್‌ಬಾಟ್ ಕೇಳಿದರೆ ಅದೇ ಪ್ರೋಗ್ರಾಂ ಬರೆದು ಕೊಡುತ್ತದಲ್ಲ, ಇದೆಲ್ಲ ಯಾಕೆ ಎಂದು ನಿಮ್ಮ ಗೆಳತಿಯರು ಕೇಳಬಹುದು. ಬರೆದು ಕೊಡುತ್ತದೆ. ಆದರೆ ಮೈನಸ್ 44 ಡಿಗ್ರಿ ಕಾಫಿಯನ್ನೂ ಅಷ್ಟೇ ಧೈರ್ಯದಿಂದ ಕೈಗೆ ಕೊಡಬಹುದು. ಮೊದಲ ಹನ್ನೆರಡು ವಾರ ಪ್ರತಿ ಸಾಲನ್ನೂ ನೀವೇ ಬರೆಯಿರಿ. ಆಮೇಲೆ ಸಹಾಯ ತೆಗೆದುಕೊಂಡರೆ, ಅದು ಬರೆದದ್ದನ್ನು ಓದಿ ತಪ್ಪು ಹಿಡಿಯುವ ಕಣ್ಣು ನಿಮಗಿರುತ್ತದೆ.

ಕೊನೆಗೆ ಲ್ಯಾಪ್‌ಟಾಪ್. ಈ ಕೋರ್ಸ್‌ಗಾಗಿ ಸಾಲ ಮಾಡಿ ಕೊಳ್ಳಬೇಡಿ ಎಂದು ಅಪ್ಪನಿಗೂ ಹೇಳಿ. ತರಗತಿಯ ಎರಡು ಗಂಟೆ ಕಾಲೇಜಿನ ಕಂಪ್ಯೂಟರ್ ಇದೆ. ವಾರದ ಮಧ್ಯೆ ಒಂದು ಗಂಟೆ ಲ್ಯಾಬ್ ತೆರೆದಿಡುತ್ತೀರಾ ಎಂದು ಕೇಳಿ. ಇಬ್ಬರು ಮೂವರು ಸೇರಿ ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಊರಿಗೆ ಹೋದಾಗ ಮೊಬೈಲ್‌ನ ಬ್ರೌಸರ್‌ನಲ್ಲೇ ಆಕ್ಟೇವ್ ಆನ್‌ಲೈನ್ ಅಥವಾ ಪೈಥಾನ್ ನಡೆಸುವ ಗೂಗಲ್ ಕೊಲ್ಯಾಬ್ ತೆರೆದು ನಾಲ್ಕೈದು ಸಾಲಿನ ಲೆಕ್ಕ ಮಾಡಬಹುದು. ಚಿಕ್ಕ ಪರದೆಯಲ್ಲಿ ಟೈಪ್ ಮಾಡುವುದು ಸ್ವಲ್ಪ ಕಿರಿಕಿರಿ, ಆದರೆ ನಡೆಯುತ್ತದೆ. ಮೊದಲ ಲೆಕ್ಕ ಆ ಕಾಫಿಯದೇ ಆಗಲಿ. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಕಾಲೇಜಿನ ಫಿಸಿಕ್ಸ್ ಲ್ಯಾಬ್‌ನಲ್ಲಿ ಕೇಳಿ ನೋಡಿ. ಒಂದು ಲೋಟ ಬಿಸಿನೀರಿಟ್ಟು ಐದೈದು ನಿಮಿಷಕ್ಕೆ ಬರೆದುಕೊಳ್ಳಿ. ನಿಮ್ಮ ಅಳತೆಯ ಚುಕ್ಕಿಗಳನ್ನೂ ಲೆಕ್ಕದ ಗೆರೆಯನ್ನೂ ಒಂದೇ ಚಿತ್ರದಲ್ಲಿ ಹಾಕಿ. ಚುಕ್ಕಿಗಳು ಗೆರೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಯಾಕೆ ಕೂರಲಿಲ್ಲ ಎಂಬ ಪ್ರಶ್ನೆಯನ್ನು ಮುಂದಿನ ಶನಿವಾರ ತರಗತಿಗೆ ತೆಗೆದುಕೊಂಡು ಹೋಗಿ.